ಜೂಜಿನ ಬಾಕಿ

ಸತ್ತವನಿಂದ ಯಾರಿಗಾದರೂ ಬಾಕಿ ಬರಬೇಕೇ ಎಂದು ಇಮಾಮರು ಕೇಳಿದಾಗ ಎದ್ದು ನಿಂತವನು ಅಬೂ ಸತ್ತೂಫ್ ಒಬ್ಬನೇ. ನಝೀರ್‌ನಿಂದ ತನಗೆ ನಾನೂರು ಲಿರಾ ಬರಬೇಕು, ಮನ್ನಾ ಮಾಡುವುದಿಲ್ಲ ಎಂದು ಹೆಣದ ಮುಂದೆಯೇ ಹೇಳಿದ. ಅಲೆಪ್ಪೊದ ಆ ಓಣಿಯಲ್ಲಿ ಅವನದು ಕಾಫಿ ಅಂಗಡಿ. ಹಿಂದಿನ ಕೋಣೆಯಲ್ಲಿ ದಾಳದಾಟ.

ನಝೀರ್‌ನ ಹೆಂಡತಿ ಬಹೀಜಾ ಹದಿನಾಲ್ಕನೇ ವಯಸ್ಸಿನಿಂದ ಮದುವೆ ಹೆಣ್ಣುಗಳಿಗೆ ರಜಾಯಿ ಹೊಲಿದು ಬದುಕಿದವಳು. ಗಂಡ ಇದ್ದಾಗಲೂ ಮನೆಯ ಒಲೆ ಉರಿದದ್ದು ಅವಳ ದುಡಿಮೆಯಿಂದಲೇ. ನಾಲ್ಕನೇ ದಿನ ಅಬೂ ಸತ್ತೂಫ್ ಅವಳ ಬಾಗಿಲಿಗೇ ಬಂದ.

"ಹೊಲಿಗೆ ಮಿಷನ್ ಕೊಟ್ಬಿಡಮ್ಮ, ಬಾಕಿ ಚುಕ್ತಾ ಆಯ್ತು ಅಂದ್ಕೋತೀನಿ. ನಿನ್ ಗಂಡ ಗೋರೀಲಾದ್ರೂ ನೆಮ್ಮದಿಯಾಗಿ ಮಲಗ್ಲಿ."

"ಅವನ ನೆಮ್ಮದಿ ಹಾಳ್ಮಾಡಿದ್ದೇ ನೀನು. ಹೊಸ್ತಿಲಿಂದ ಕಾಲು ತೆಗಿ!"

"ಸಾಲ ಇಟ್ಟು ಸತ್ತೋನಿಗೆ ಸ್ವರ್ಗದ ಬಾಗ್ಲು ತೆಗೆಯಲ್ಲ, ನೆನಪಿರ್ಲಿ."

ಆ ಮಾತು ಅವಳನ್ನು ಇರಿಯಿತು. ಮರುದಿನ ಅಣ್ಣನನ್ನು ಕರೆದುಕೊಂಡು ಧರ್ಮದ ತೀರ್ಪು ಹೇಳುವ ಮುಫ್ತಿಗಳ ಹತ್ತಿರ ಹೋದಳು. ಅವರು ಅಬೂ ಸತ್ತೂಫ್‌ನನ್ನೂ, ಅವನ ಅಂಗಡಿಯಲ್ಲೇ ಬಿದ್ದಿರುತ್ತಿದ್ದ ದರ್ಜಿ ಶುಕ್ರಿಯನ್ನೂ ಕರೆಸಿದರು.

"ನಾನೂರು ಲಿರಾ ಯಾವಾಗ ಕೊಟ್ಟೆಯಪ್ಪ?" ಎಂದರು ಮುಫ್ತಿಗಳು.

ಅಬೂ ಸತ್ತೂಫ್ ಜಪಸರ ಎಣಿಸತೊಡಗಿದ.

"ಕೊಡೋದೆಲ್ಲಿ ಬಂತು?" ಎಂದ ಶುಕ್ರಿ. "ದಾಳದಲ್ಲಿ ಗೆದ್ದಿದ್ದು. ನಾನು ಪಕ್ಕದಲ್ಲೇ ಕೂತಿದ್ದೆ."

"ಹಾಗಾದ್ರೆ ಅದು ಸಾಲವೇ ಅಲ್ಲ" ಎಂದರು ಮುಫ್ತಿಗಳು. "ಕೈಗಡ ಕೊಟ್ಟಿದ್ರೆ ಕೊಟ್ಟಷ್ಟು ನಿನಗೆ ಬರ್ತಿತ್ತು. ಜೂಜಲ್ಲಿ ಸೋತದ್ದು ಸತ್ತೋನ ತಲೆ ಮೇಲೂ ಇಲ್ಲ, ಅವನ ಹೆಂಡ್ತಿ ತಲೆ ಮೇಲೂ ಇಲ್ಲ."

ಬಹೀಜಾ ಉಸಿರು ಬಿಡುವಷ್ಟರಲ್ಲಿ ಶುಕ್ರಿ ಗಂಟಲು ಸರಿಮಾಡಿಕೊಂಡ. "ಅಂಗಾದ್ರೆ ಆ ಮಿಷನ್ನೂ ನಂದೇ ಆಯ್ತಲ್ಲ. ಮೂರು ವರ್ಷದ ಹಿಂದೆ ನಝೀರ್ ನನ್ನಿಂದ ದಾಳದಲ್ಲೇ ಗೆದ್ದಿದ್ದು."

ಮಿಷನ್ನನ್ನು ಕಂತಿನ ಮೇಲೆ ಕೊಂಡು ತಂದಿದ್ದೇನೆ ಎಂದು ನಝೀರ್ ಬಹೀಜಾಗೆ ಹೇಳಿದ್ದ. ತಿಂಗಳು ತಿಂಗಳೂ ಅವಳಿಂದಲೇ ಕಂತಿನ ದುಡ್ಡು ಇಸಿದುಕೊಂಡಿದ್ದ. ಅದು ಯಾವ ಕೋಣೆಗೆ ಹೋಯಿತೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ.

ಮುಫ್ತಿಗಳು ಗಡ್ಡ ನೀವಿಕೊಂಡರು. "ಅದೂ ಅಷ್ಟೇ ಮಗಳೇ. ಗೆದ್ದದ್ದು ಅವನದ್ದಾಗ್ಲಿಲ್ಲ. ಇವನಿಗೆ ವಾಪಸ್ ಕೊಡ್ಬೇಕು."

ಅಬೂ ಸತ್ತೂಫ್ ಕಿಸಕ್ಕನೆ ನಕ್ಕ.

"ನಗು, ನಿನ್ನ ಹಲ್ಲುದುರಿ ಹೋಗ!" ಎಂದು ಬಹೀಜಾ ಎದ್ದಳು. "ಆಡಿದ್ದು ಸತ್ತೋನೂ ಸೇರಿ ನೀವು ಮೂರು ಜನ ಗಂಡಸರು. ಮಿಷನ್ ತುಳಿದೂ ತುಳಿದೂ ಕಾಲು ಬಿದ್ದುಹೋಗಿದ್ದು ನಂದು."

ಅಂದು ಸಂಜೆಯೇ ಅಣ್ಣನೂ ಅವಳೂ ಮಿಷನ್ ಹೊತ್ತು ಶುಕ್ರಿಯ ಬಾಗಿಲಲ್ಲಿ ಇಳಿಸಿದರು. ಅವನ ಹೆಂಡತಿ ನಾಚಿಕೆಯಿಂದ ಕುಗ್ಗಿಹೋಗಿದ್ದಳು. "ಅಕ್ಕ, ಮಧ್ಯಾಹ್ನ ಬಂದು ಇದ್ರಲ್ಲೇ ಹೊಲ್ಕೊಳ್ಳಿ. ಬಾಡಿಗೆ ಏನೂ ಬೇಡ."

"ನಿನ್ ಗಂಡ ಮತ್ತೆ ಪಣಕ್ಕಿಡೋವರೆಗೂ ನೀನೇ ಹೊಲ್ಕೋ, ತಾಯಿ."

ಎರಡು ದಿನದಲ್ಲಿ ಮುಗಿಯುತ್ತಿದ್ದ ರಜಾಯಿಗೆ ಅಂದಿನಿಂದ ಒಂಬತ್ತು ದಿನ ಹಿಡಿಯಿತು. ಬೆರಳ ತುದಿಗಳು ಮತ್ತೆ ದಪ್ಪಗಟ್ಟಿದವು. ಇಪ್ಪತ್ತೆರಡು ವರ್ಷ ಹಾಗೇ ಕೈಯಲ್ಲಿ ಹೊಲಿದಳು, ಆ ಎರಡು ಮನೆಗಳವರನ್ನು ಕಂಡರೆ ಮುಖ ತಿರುಗಿಸಿದಳು. ಹಬ್ಬದ ಬೆಳಿಗ್ಗೆ ಬೇರೆ ಹೆಂಗಸರು ಗೋರಿಗಳ ಮುಂದೆ ಪ್ರಾರ್ಥಿಸುತ್ತಿದ್ದರೆ ಬಹೀಜಾ ನಝೀರ್‌ನನ್ನು ಮನಸಾರೆ ಬಯ್ಯುತ್ತಿದ್ದಳು. ಬೈದು ಸುಸ್ತಾದ ಮೇಲೆ ಗೋರಿಯ ಮೇಲಿನ ಕಳೆ ಕಿತ್ತು, ಹಸಿರು ರೆಂಬೆಯೊಂದನ್ನು ನೆಟ್ಟು ಮನೆಗೆ ಬರುತ್ತಿದ್ದಳು.