ಬಲದಿಂದ ಎಡಕ್ಕೆ ಹೊರಟ ಬಾಣಗಳು

ಜೋಗುಪಾಳ್ಯದ ಪಂಚಾಕ್ಷರಿಯವರು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಅವರ ಕೈಯಿಂದ ಹೊರಬಂದ ಪಿಎಚ್‌ಡಿ ಪ್ರಬಂಧಗಳು ನೂರರ ಮೇಲೆ. ಸೂರ್ಯನ ಕಲೆಗಳು ಯಾವಾಗ ಹೆಚ್ಚುತ್ತವೆ, ಕಾಂಕ್ರೀಟಿಗೆ ಹಾರುಬೂದಿ ಬೆರೆಸಿದರೆ ಏನಾಗುತ್ತದೆ, ವಿಮಾನದ ರೆಕ್ಕೆ ಯಾಕೆ ನಡುಗುತ್ತದೆ, ಎಲ್ಲವನ್ನೂ ಟೈಪ್ ಮಾಡಿದ್ದಾರೆ. ಒಂದೂ ಅರ್ಥವಾಗಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅರ್ಥ ಮಾಡಿಕೊಳ್ಳಲು ಹೋದರೆ ಬೆರಳು ನಿಂತುಹೋಗುತ್ತದಂತೆ.

ನಡುಗುವ ರೆಕ್ಕೆಯ ಪ್ರಬಂಧ ನನ್ನದು. ವಿಮಾನಪುರದ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದುಕೊಂಡೇ ಅದನ್ನು ಬರೆದೆ. ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿಕೊಂಡ ಮೇಲೆ ನನಗೆ ಜಂಬ ಬಂದಿತ್ತು. ಆದರೂ ರಜೆ ಸಿಕ್ಕಿದಾಗಲೆಲ್ಲ ಪಂಚಾಕ್ಷರಿಯವರ ಟೈಪಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯುವುದು ತಪ್ಪಲಿಲ್ಲ. ಬೇರೆಯವರ ಪ್ರಬಂಧದಲ್ಲಿ ಮೂಗು ತೂರಿಸುವ ಸುಖವೇ ಬೇರೆ.

ಪಂಚಾಕ್ಷರಿಯವರು ಸುರಪುರದ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತು ಅಲ್ಲಿಯದೇ. ಅವರ ಎಲೆಕ್ಟ್ರಿಕ್ ಟೈಪ್‌ರೈಟರಿನಲ್ಲಿ ಅಕ್ಷರಗಳೆಲ್ಲ ಒಂದು ಚೆಂಡಿನ ಮೇಲೆ ಇರುತ್ತಿದ್ದವು. ಇಂಗ್ಲಿಷಿಗೊಂದು ಚೆಂಡು, ಆಲ್ಫಾ ಬೀಟಾಗಳಿಗೆ ಇನ್ನೊಂದು. ಮೊದಲು ಇಡೀ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಹೊಡೆದು, ಗ್ರೀಕ್ ಅಕ್ಷರ ಬರುವಲ್ಲೆಲ್ಲ ಜಾಗ ಬಿಡುವರು. ಆಮೇಲೆ ಚೆಂಡು ಬದಲಿಸಿ, ಅದೇ ಹಾಳೆಗಳನ್ನು ಮತ್ತೆ ತೂರಿಸಿ, ಖಾಲಿ ಜಾಗಗಳನ್ನು ತುಂಬುವರು. ಒಂದು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಚಿತ್ರಗಳನ್ನು ಬಟರ್ ಪೇಪರಿನ ಮೇಲೆ ಇಂಡಿಯನ್ ಇಂಕಿನಿಂದ ತಾವೇ ಬರೆದು, ಜೆರಾಕ್ಸ್ ಮಾಡಿಸಿ, ನೇರವಾಗಿ ಬೈಂಡರ್ ಮುನಿರಾಜಪ್ಪನವರ ಕೈಗೆ ಕೊಡುವರು. ಹೀಗಾಗಿ ಪ್ರಬಂಧ ಬರೆದವರು ಅಕ್ಷರಗಳನ್ನು ಹತ್ತು ಸಲ ತಿದ್ದಿದರೂ ಚಿತ್ರಗಳನ್ನು ನೋಡುತ್ತಿದ್ದುದು ಪುಸ್ತಕ ಕೈಗೆ ಬಂದ ಮೇಲೆ, ಅದೂ ನೋಡಿದರೆ.

ತೊಂಬತ್ಮೂರರಲ್ಲಿ ಫಹ್ಮಿದಾ ಬಂದಳು. ಶಿವಾಜಿನಗರದ ಹುಡುಗಿ, ಗಣಿತದ ಸಂಶೋಧಕಿ. ಅವಳ ಪ್ರಬಂಧದ ಹೆಸರು ಕೇಳಿಯೇ ನಾನು ಚಹಾ ಕೆಳಗಿಟ್ಟೆ: ಗ್ರೂಪಾಯ್ಡ್‌ಗಳಿಂದ ಕಟ್ಟಿದ ಆಪರೇಟರ್ ಬೀಜಗಣಿತಗಳು. ಪಂಚಾಕ್ಷರಿಯವರು ಎಂದೂ ಕೇಳದವರು ಅವತ್ತು ಕೇಳಿಯೇಬಿಟ್ಟರು.

"ಹಂಗಂದ್ರ ಏನು ತಂಗಿ?"

"ಬಸ್ಸು ಅಂದ್ಕೊಳ್ಳಿ ಸರ್. ಶಿವಾಜಿನಗರದಿಂದ ಹಲಸೂರಿಗೆ ಒಂದು, ಹಲಸೂರಿಂದ ಕೆ.ಆರ್. ಪುರಕ್ಕೆ ಇನ್ನೊಂದು. ಎರಡನ್ನೂ ಸೇರಿಸಿದ್ರೆ ಒಂದೇ ಪ್ರಯಾಣ. ಆದ್ರೆ ಹಲಸೂರಲ್ಲಿ ಇಳಿದೋರು ಕಾಕ್ಸ್ ಟೌನಲ್ಲಿ ಬಸ್ ಹತ್ತೋಕಾಗಲ್ಲ. ಒಂದು ಮುಗಿದ ಜಾಗದಲ್ಲೇ ಇನ್ನೊಂದು ಶುರು ಆಗ್ಬೇಕು. ಹೋಗಿದ್ದಕ್ಕೆಲ್ಲ ವಾಪಸ್ ಬರೋದೂ ಇರ್ಬೇಕು. ಅಷ್ಟಿದ್ರೆ ಅದು ಗ್ರೂಪಾಯ್ಡ್."

"ಮತ್ತ ಬೀಜಗಣಿತ?"

"ಒಂದೊಂದು ಪ್ರಯಾಣಕ್ಕೂ ಒಂದು ಸಂಖ್ಯೆ ಕೊಡೋದು. ಒಂದು ಪ್ರಯಾಣನ ಎಷ್ಟು ರೀತಿ ಎರಡು ತುಂಡು ಮಾಡ್ಬಹುದೋ ಅಷ್ಟೂ ಸಲ ಆ ಎರಡರ ಸಂಖ್ಯೆ ಗುಣಿಸಿ, ಎಲ್ಲಾ ಕೂಡಿಸೋದು. ಅದೇ ನನ್ನ ಐದು ವರ್ಷ."

ನನಗೆ ಅಸೂಯೆಯಾಯಿತು. ನನ್ನ ರೆಕ್ಕೆಯ ವಿಷಯವನ್ನು ನಾನು ನನ್ನ ಹೆಂಡತಿಗೂ ಇಷ್ಟು ಚೆನ್ನಾಗಿ ಹೇಳಲು ಆಗಿರಲಿಲ್ಲ.

ಫಹ್ಮಿದಾಳ ನೋಂದಣಿ ಮುಗಿಯುವುದು ಮಾರ್ಚ್ ಕೊನೆಯ ಶುಕ್ರವಾರ ಸಂಜೆ ಐದಕ್ಕೆ. ಅಷ್ಟರೊಳಗೆ ಐದು ಪ್ರತಿ ಸಲ್ಲಿಸದಿದ್ದರೆ ಮತ್ತೆ ಮೊದಲಿನಿಂದ ನೋಂದಣಿ. ಎರಡು ವಾರ ಮುಂಚೆ ಪಂಚಾಕ್ಷರಿಯವರು ಅವಳ ಕರಡು ಚಿತ್ರಗಳನ್ನು ನನ್ನ ಮುಂದೆ ಹಿಡಿದರು. ಹದಿನೇಳು ಚಿತ್ರ. ಒಂದೊಂದರಲ್ಲೂ ಸಾಲಾಗಿ ಮೂರು ಚುಕ್ಕೆ, ಪಕ್ಕಪಕ್ಕದ ಚುಕ್ಕೆಗಳ ನಡುವೆ ಎರಡು ಬಾಣ, ಮೇಲೆ ಈ ತುದಿಯಿಂದ ಆ ತುದಿಗೆ ಬಾಗಿದ ಇನ್ನೊಂದು. ಎಲ್ಲ ಬಾಣಗಳೂ ಬಲದಿಂದ ಎಡಕ್ಕೆ.

"ನೋಡ್ರಿ ಸಾಹೇಬ್ರ, ಎಲ್ಲಾ ಉಲ್ಟಾ ಹಾಕ್ಯಾಳ. ಪಾಪ, ಉರ್ದು ಬರಿಯೋ ಕೈ. ನಮ್ಮಪ್ಪ ನಿಜಾಮನ ಕಾಲದಾಗ ಶಾನುಭೋಗಕಿ ಮಾಡಿದವ್ರು, ಅವ್ರೂ ಹಿಂಗ ಬಲದಿಂದ ಶುರು ಮಾಡತಿದ್ರು. ಸುಮ್ಮ ತಿರುಗಿಸಿಬಿಡ್ಲಿ? ಹೇಳಿದ್ರ ಹುಡುಗಿ ನಾಚ್ಕೋತಾಳ."

ನಾನು ಡಾಕ್ಟರ್ ಲಕ್ಷ್ಮಿಕಾಂತ. ನೂರಾರು ನಕ್ಷೆ ಬರೆದವನು. ನಮ್ಮಲ್ಲಿ ಎಡಗಡೆಯಿಂದ ಹೋದದ್ದು ಬಲಗಡೆಯಿಂದ ಹೊರಬರುತ್ತದೆ, ಪ್ರಪಂಚದಲ್ಲೂ ಹಾಗೆಯೇ ಎಂದು ನನಗೆ ಖಾತ್ರಿಯಿತ್ತು.

"ತಿರುಗಿಸಿ ಪಂಚಾಕ್ಷರಿಯವರೇ, ಬಾಣ ಅಂದ್ರೆ ಎಡದಿಂದ ಬಲಕ್ಕೆ," ಎಂದೆ. ಚಹಾ ಮುಗಿಸಿ ಮನೆಗೆ ಹೋದೆ.

ಬಟ್ಟೆ ರಟ್ಟಿನ ಐದು ಪ್ರತಿ ಗುರುವಾರ ಸಂಜೆ ಫಹ್ಮಿದಾಳ ಕೈ ಸೇರಿದವು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಾನು ರಜೆ ಹಾಕಿ ಬೆಂಚಿನ ಮೇಲಿದ್ದಾಗ ದತ್ತು ಎಂಬ ಭೌತಶಾಸ್ತ್ರದ ವಿದ್ಯಾರ್ಥಿ ಬಂದ. ಬೆಳಕಿನ ಕಣಗಳ ಮೇಲೆ ಅವನ ಪ್ರಬಂಧ. ಸಾಲಾಗಿ ಬರೆದ ಅಕ್ಷರಗಳನ್ನು ತೋರಿಸುತ್ತ ಅವನೆಂದ:

"ಸರ್, ಇಲ್ಲಿ ಅಕ್ಷರಗಳ ಕ್ರಮ ಹುಷಾರು. ಇದು ಬಲಗಡೆಯಿಂದ ಓದೋದು. ಬಲಗಡೆ ಇರೋದು ಮೊದಲು ಕೆಲಸ ಮಾಡುತ್ತೆ, ಆಮೇಲೆ ಎಡಗಡೇದು."

ಪಂಚಾಕ್ಷರಿಯವರ ಬೆರಳು ನಿಂತಿತು. "ಹಂಗ ಯಾರು ಬರೀತಾರ?"

"ಎಲ್ರೂ. ನಾವು, ಗಣಿತದೋರು. ಚಿತ್ರ ಬರೆದ್ರೂ ಬಾಣ ಹಾಗೇ ಹಾಕ್ತಾರೆ, ಲೆಕ್ಕಕ್ಕೆ ಹೊಂದಲಿ ಅಂತ. ಇಂಜಿನಿಯರ್‌ಗಳಿಗೆ ಮಾತ್ರ ಎಡದಿಂದ."

ಟೈಪಾಗುವಾಗ ಬೆಂಚಿನಿಂದ ಓದಿದ್ದ ಒಂದು ಸಾಲು ನನಗೆ ನೆನಪಾಯಿತು. ಫಹ್ಮಿದಾಳ ಪ್ರಬಂಧದ ಮೊದಲ ಪುಟದಲ್ಲೇ ಬರೆದಿತ್ತು, ಬಲಗಡೆಯ ಪ್ರಯಾಣ ಎಲ್ಲಿ ಮುಗಿಯುತ್ತದೋ ಎಡಗಡೆಯದು ಅಲ್ಲಿಂದ ಶುರುವಾಗಬೇಕು ಎಂದು. ಎದುರಿನ ಪುಟದ ಚಿತ್ರ ಈಗ ಅದಕ್ಕೆ ಸರಿಯಾಗಿ ವಿರುದ್ಧ ಹೇಳುತ್ತಿತ್ತು. ಪರೀಕ್ಷಕರು ನೋಡಿದರೆ ಈ ಹುಡುಗಿಗೆ ತನ್ನ ವಿಷಯದ ಅ ಆ ಇ ಈ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಒಂದಲ್ಲ, ಹದಿನೇಳು ಸಲ.

ಪಂಚಾಕ್ಷರಿಯವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಿವಾಜಿನಗರಕ್ಕೆ ಹೊರಟೆ. ಹಲಸೂರು ಕೆರೆ ದಾಟುವಾಗ, "ಟೈಪಿಂಗ್ ತಪ್ಪು ಅಂದ್ಬಿಡಿ, ಮುಗೀತು," ಎಂದು ಉಪಾಯ ಹೇಳಿದೆ.

"ಹದಿನೇಳು ಚಿತ್ರದಾಗೂ ಒಂದ ದಿಕ್ಕಿಗೆ ಕೈ ತಪ್ಪತದೇನ್ರಿ?" ಎಂದರು ಅವರು.

ಚರ್ಚಿನ ಹಿಂದಿನ ಗಲ್ಲಿಯಲ್ಲಿ ಮನೆ. ಬಾಗಿಲು ತೆಗೆದದ್ದು ಫಹ್ಮಿದಾಳ ತಾಯಿ ಆಬಿದಾ. ಹುಡುಗಿ ಚಪ್ಪಲಿ ಹಾಕಿಕೊಂಡು ಹೊರಡಲು ಸಿದ್ಧವಾಗಿದ್ದಳು, ಪುಸ್ತಕಗಳ ಚೀಲ ಕೈಯಲ್ಲೇ ಇತ್ತು. ಪಂಚಾಕ್ಷರಿಯವರು ನೀರೂ ಕುಡಿಯದೆ ನಿಂತಲ್ಲೇ ಹೇಳಿದರು.

"ಬಾಣ ಎಲ್ಲಾ ನಾನ ತಿರುಗಿಸೀನಿ ತಂಗಿ. ನಿಮಗ ಉರ್ದು ಬರಿಯೋ ರೂಢಿ, ಅದಕ್ಕ ಕೈ ಹಂಗ ಹೋಗೇದ ಅಂತ ತಿಳ್ಕೊಂಡೆ. ನಿಮ್ಮನ್ನ ಒಂದು ಮಾತು ಕೇಳಲಿಲ್ಲ. ದೊಡ್ಡ ತಪ್ಪಾಗೇದ."

ಫಹ್ಮಿದಾ ಒಂದು ಪ್ರತಿಯನ್ನು ತೆಗೆದು ಪುಟ ತಿರುವಿದಳು. ಇನ್ನೊಂದು ಪುಟ, ಮತ್ತೊಂದು. ಅವಳ ಮುಖ ಬಾಡಿಹೋಯಿತು.

"ನನಗೆ ಉರ್ದು ಬರೆಯೋಕೆ ಬರಲ್ಲ ಸರ್," ಎಂದಳು ನಿಧಾನವಾಗಿ. "ಅಮ್ಮಿಗೆ ಬರುತ್ತೆ. ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಕರಡಿನ ಅಂಚಲ್ಲಿ ನಿಮಗೆ ಇಲ್ಲಿ ಜಾಗ ಬಿಡಿ, ಇಲ್ಲಿ ಗೆರೆ ಎಳೀರಿ ಅಂತ ಬರೆದಿದ್ದೆಲ್ಲ ಕನ್ನಡದಲ್ಲೇ ಇತ್ತಲ್ಲ. ಮೂರು ತಿಂಗಳು ಅದನ್ನೇ ಓದ್ಕೊಂಡು ಟೈಪ್ ಮಾಡಿದ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಟಿಪ್ಪಣಿಗಳನ್ನು ನಾನೂ ನೋಡಿದ್ದೆ, ಅಕ್ಷರ ದುಂಡಗಿದೆ ಎಂದು ಹೊಗಳಿಯೂ ಇದ್ದೆ. ಪಂಚಾಕ್ಷರಿಯವರು ತಲೆ ತಗ್ಗಿಸಿದರೇ ಹೊರತು ನನ್ನ ಹೆಸರೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಚಿತ್ರಗಳ ಬಾಣ ಉಲ್ಟಾ ಓದಿಕೊಳ್ಳಿ ಎಂದು ಒಂದು ಚೀಟಿ ಟೈಪ್ ಮಾಡಿ ಅಂಟಿಸಿದರಾಯಿತು ಎಂದಳು ಫಹ್ಮಿದಾ. ಪಂಚಾಕ್ಷರಿಯವರು ಒಪ್ಪಲಿಲ್ಲ.

"ಚೀಟಿ ನಿಮ್ಮ ಹೆಸರಿನ ಕೆಳಗ ಕೂಡತದ. ತಪ್ಪು ನಿಮ್ದ ಅಂತ ಓದಿದವ್ರು ತಿಳ್ಕೋತಾರ. ಟೈಮ್ ಅದ. ಬರ್ರಿ."

ಅಂಗಡಿಯಲ್ಲಿ ಮೂವರೂ ಕೂತೆವು. ಒಂದು ಪ್ರತಿಯಲ್ಲಿ ಐವತ್ತೊಂದು ಬಾಣ, ಐದು ಪ್ರತಿ. ಫಹ್ಮಿದಾ ಹಳೆಯ ಬಾಣದ ತಲೆಗೆ ವೈಟ್‌ನರ್ ಬಳಿಯುವಳು, ನಾನು ಮಡಿಸಿದ ಪೇಪರಿನಿಂದ ಗಾಳಿ ಹಾಕಿ ಒಣಗಿಸುವೆ, ಪಂಚಾಕ್ಷರಿಯವರು ಡ್ರಾಯಿಂಗ್ ಪೆನ್ನಿನಿಂದ ಇನ್ನೊಂದು ತುದಿಗೆ ಹೊಸ ತಲೆ ಬರೆಯುವರು. ಮೂರನೆಯ ಪ್ರತಿಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

"ತಿರುಗಿಸಿ ಅಂದಿದ್ದು ನಾನೇ," ಎಂದೆ.

ಫಹ್ಮಿದಾ ತಲೆ ಎತ್ತಲಿಲ್ಲ. "ನೀವು ಇಂಜಿನಿಯರ್ ಅಲ್ವಾ ಸರ್. ಗಾಳಿ ಹಾಕಿ."

ಪಂಚಾಕ್ಷರಿಯವರು ಬೆಳಗಿನಿಂದ ಮೊದಲ ಸಲ ನಕ್ಕರು. ಆಮೇಲೆ ಕೈ ಚುರುಕಾಯಿತು. ನಾಲ್ಕನೆಯ ಪ್ರತಿ ಮುಗಿಸುವಷ್ಟರಲ್ಲಿ ಎದುರಿನ ಹೋಟೆಲಿನಿಂದ ಚಿತ್ರಾನ್ನ ತರಿಸಿ, ಇಂಕು ಅಂಟಿದ ಕೈಯಲ್ಲೇ ಚಮಚ ಹಿಡಿದು ತಿಂದೆವು. ಅವಳು ಬಾಣಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಮೂರೂವರೆಗೆ ಐದೂ ಪ್ರತಿ ಸರಿಯಾದವು. ನಾನು ಸ್ಕೂಟರಿನ ಕೀಲಿ ತೆಗೆದುಕೊಂಡೆ.

ಆಗ ಪಂಚಾಕ್ಷರಿಯವರು ಮೇಲಿನ ಪ್ರತಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಕೃತಜ್ಞತೆಯ ಪುಟ ತೆರೆದು ವೈಟ್‌ನರಿನ ಮುಚ್ಚಳ ತಿರುಗಿಸಿದರು. ಗುರುಗಳು, ಅಮ್ಮಿ, ಗೆಳತಿಯರು ಎಲ್ಲರೂ ಆದ ಮೇಲೆ ಕೊನೆಯ ಸಾಲು ಅವರ ಬಗ್ಗೆ ಇತ್ತು. ನಾನು ಬರೆದದ್ದನ್ನು ಬರೆದ ಹಾಗೆಯೇ ಟೈಪ್ ಮಾಡಿಕೊಟ್ಟ ಶ್ರೀ ಪಂಚಾಕ್ಷರಿಯವರಿಗೆ ಋಣಿ, ಎಂದು. ಆ ಸಾಲನ್ನು ಟೈಪ್ ಮಾಡಿದ್ದೂ ಅವರೇ.

"ಇದು ಸುಳ್ಳು ಆತಲ್ಲ ತಂಗಿ. ಇರಬಾರದು," ಎಂದರು.

ಫಹ್ಮಿದಾ ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು ಮುಚ್ಚಿ ಚೀಲಕ್ಕೆ ಹಾಕಿದಳು.

"ಅದು ನಾನು ಬರೆದಿರೋ ಸಾಲು ಸರ್," ಎಂದಳು. "ನನ್ನ ಕೇಳದೆ ನೀವು ತಿದ್ದೋ ಹಾಗಿಲ್ಲ."