ಎರಡು ಸೀಟಿಯ ಬಸ್ಸು

ಎರಡು ಸೀಟಿ ಕೇಳದೆ ಗದಿಗೆಪ್ಪನವರು ಬಸ್ಸು ಬಿಡುತ್ತಿರಲಿಲ್ಲ. ಇದು ನವಲಗುಂದದ ಬಸ್‌ಸ್ಟ್ಯಾಂಡಿನ ಮಾತಲ್ಲ, ಸಾಗರದಾಚೆಯ ವುಡ್‌ಬ್ರಿಡ್ಜ್ ಎಂಬ ಊರಿನ ಗೋದಾಮುಗಳ ಹಿಂದಿರುವ ಒಂದು ಸಣ್ಣ ಕಾಲೇಜಿನ ಪಾರ್ಕಿಂಗ್ ಲಾಟಿನ ಮಾತು.

ನನ್ನ ಮಗಳು ಮಾನ್ಯಾ ಆ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದಳು. ಅಂಥವೇ ಏಳು ಸಣ್ಣ ಕಾಲೇಜುಗಳು ಸೇರಿ ನಡೆಸುವ ಲೀಗ್ ಅದು. ನವೆಂಬರಿನಿಂದ ಫೆಬ್ರವರಿಯವರೆಗೆ ಶನಿವಾರ ಮಧ್ಯಾಹ್ನ ಪಂದ್ಯ. ಕೊನೆಗೆ ಮೊದಲ ನಾಲ್ಕು ತಂಡಗಳಿಗೆ ಪ್ಲೇಆಫ್ ಎಂಬ ಅಂತಿಮ ಸುತ್ತು. ಟಿವಿಯವರು ಬರುವುದಿಲ್ಲ, ಪತ್ರಿಕೆಯವರು ಬರುವುದಿಲ್ಲ. ನೋಡಲು ಬರುವವರು ಕೆಲವು ಅಪ್ಪ ಅಮ್ಮಂದಿರು, ಮತ್ತೆ ಬಿಡುವು ಸಿಕ್ಕಿದ ಸೆಕ್ಯೂರಿಟಿ ಗಾರ್ಡು. ವಾರವಿಡೀ ಲ್ಯಾಬಿನಲ್ಲಿ ನೀರಿನ ಸ್ಯಾಂಪಲ್ ಪರೀಕ್ಷಿಸುವ ನಾನು ಶನಿವಾರ ತಂಡದ ನೀರಿನ ಬಾಟಲಿ ತುಂಬುವ ಕೆಲಸ ಒಪ್ಪಿಕೊಂಡಿದ್ದೆ. ಹಾಗಾಗಿ ಬಸ್ಸಿನಲ್ಲಿ ನನಗೂ ಒಂದು ಸೀಟಿತ್ತು.

ಮೊದಲ ಪ್ರಯಾಣದ ದಿನ ಎಲ್ಲರೂ ಹತ್ತಿ ಕೂತೆವು. ಹಳದಿ ಸ್ಕೂಲ್ ಬಸ್ಸು, ಎಂಜಿನ್ ಓಡುತ್ತಿದೆ, ಹೀಟರ್ ಗುರ್ ಎನ್ನುತ್ತಿದೆ. ಬಸ್ಸು ಮಾತ್ರ ಕದಲುತ್ತಿಲ್ಲ. ಡ್ರೈವರು ನೆಟ್ಟಗೆ ಮುಂದೆ ನೋಡುತ್ತಾ ಕೂತಿದ್ದಾರೆ.

"ಸರ್, ಎನಿ ಪ್ರಾಬ್ಲಮ್?" ಎಂದಳು ಕೋಚ್ ಅಮಿತಾ. ಪಕ್ಕದ ಬ್ರಾಂಪ್ಟನ್ನಿನಲ್ಲೇ ಹುಟ್ಟಿ ಬೆಳೆದ ಗುಜರಾತಿ ಹುಡುಗಿ ಅವಳು.

"ನೋ ಪ್ರಾಬ್ಲಮ್," ಎಂದರು. ಬಸ್ಸು ಆಗಲೂ ಕದಲಲಿಲ್ಲ.

ಕನ್ನಡಿಯ ಕೆಳಗೆ ಅಂಟಿಸಿದ್ದ ಬಸವಣ್ಣನ ಸಣ್ಣ ಪಟ ಆಗ ನನ್ನ ಕಣ್ಣಿಗೆ ಬಿತ್ತು. "ಕನ್ನಡದವರಾ?" ಎಂದೆ.

ಅವರು ಸೀಟಿನಲ್ಲೇ ತಿರುಗಿದರು. "ಹೌದ್ರಿ ಅಕ್ಕಾರ! ನೀವ್ ಯಾ ಊರವ್ರು?"

"ಮೈಸೂರು. ಬಸ್ಸು ಯಾಕೆ ಹೊರಡ್ತಿಲ್ಲ?"

"ಸೀಟಿ ಆಗಿಲ್ಲಲ್ರೀ. ಸಾಲಿ ಹುಡುಗೂರು ಒಂದೊಂದ ಸ್ಟಾಪಿನ್ಯಾಗ ಹತ್ತತಾವ, ನನ್ನ ಕಣ್ಣಿಗೆ ಕಾಣ್ತಾವ. ಇಲ್ಲಿ ಎಲ್ಲಾರೂ ಒಮ್ಮೆಲೆ ಹತ್ತಿ ಹಿಂದ ಹೋಗಿ ಕುಂತಾರ. ಬಂದ್ರೋ ಇಲ್ಲೋ ಹೇಳಾವ್ರ್ ಬ್ಯಾಡೇನು? ಕಂಡಕ್ಟರ್ ಯಾರು?"

ಮಾನ್ಯಾ ಬಿದ್ದು ಬಿದ್ದು ನಕ್ಕಳು. ನಾನು ಕೋಚ್‌ಗೆ ಬಿಡಿಸಿ ಹೇಳಿದೆ: ನಮ್ಮ ಕಡೆ ಡ್ರೈವರು ಹಿಂದೆ ತಿರುಗಿ ನೋಡುವುದಿಲ್ಲ, ಒಳಗಿನ ಜನರನ್ನು ನೋಡಿಕೊಳ್ಳುವುದು ಕಂಡಕ್ಟರು, ಒಂದು ಸೀಟಿ ಊದಿದರೆ ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಅಮಿತಾ ಕೊರಳಿಂದ ತನ್ನ ಸೀಟಿ ತೆಗೆದು ಮಾನ್ಯಾಳ ಕೈಗೆ ಹಾಕಿದಳು. "ಯು ಲಾಫ್ಡ್. ಯು ಆರ್ ದ ಕಂಡಕ್ಟರ್."

"ನೋಡ್ ತಂಗಿ," ಎಂದರು ಗದಿಗೆಪ್ಪ, "ಮುಂದಿನ ರಸ್ತೆ ನನ್ನ ಜವಾಬ್ದಾರಿ. ಒಳಗಿನ ಮಂದಿ ನಿನ್ನ ಜವಾಬ್ದಾರಿ. ಎಣಿಸಿ ಊದು."

ಎಣಿಸಿ ಊದಿದಳು, ಎರಡು ಸಲ. ಬಸ್ಸು ಹೊರಟಿತು.

ಗದಿಗೆಪ್ಪನವರು ನವಲಗುಂದದ ಸುತ್ತಲಿನ ಹಳ್ಳಿಗಳಿಗೆ ಸರ್ಕಾರಿ ಬಸ್ಸು ಓಡಿಸಿದವರು. ಹೆಂಡತಿ ರಾಜೇಶ್ವರಿ ನರ್ಸು. ಅವರಿಗೆ ಇಲ್ಲಿ ಕೆಲಸ ಸಿಕ್ಕಿದಾಗ ಇವರೂ ಜೊತೆಗೆ ಬಂದರು. ಕೆಲವು ವರ್ಷ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಪೆಟ್ಟಿಗೆ ಎತ್ತಿ, ಆಮೇಲೆ ಬಸ್ಸಿನ ಲೈಸೆನ್ಸ್ ಪಡೆದರು. ಬೆಳಿಗ್ಗೆ, ಮಧ್ಯಾಹ್ನ ಶಾಲೆಯ ಮಕ್ಕಳು; ಶನಿವಾರ ನಮ್ಮ ತಂಡ. "ಸೋಮವಾರದಿಂದ ಶುಕ್ರವಾರ ಓಡಸೂದು ಗಾಡಿ ಅಕ್ಕಾರ," ಎಂದಿದ್ದರು ಒಮ್ಮೆ. "ಇದೊಂದ ಬಸ್ಸು."

ಹುಡುಗಿಯರೆಲ್ಲ ಅವರನ್ನು ಕಾಕಾ ಎನ್ನತೊಡಗಿದರು. ಮಾಲ್ಟನ್ನಿನ ಜಸ್ಲೀನ್‌ಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ. ಅವಳ ಪಂಜಾಬಿಯಲ್ಲಿ ಕಾಕಾ ಅಂದರೆ ಚಿಕ್ಕ ಹುಡುಗ. ಅದನ್ನು ಹೇಳಿದಾಗ ಗದಿಗೆಪ್ಪ, "ಛಲೋ ಆತ್ ಬಿಡು, ವಯಸ್ಸ್ ಕಡಿಮಿ ಆತು," ಎಂದರು.

ಪಂದ್ಯದ ಹೊತ್ತಿನಲ್ಲಿ ಜಿಮ್ಮಿನ ಬಾಗಿಲ ಬಳಿ, ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಕೂರುತ್ತಿದ್ದರು. ರೆಫರಿ ಸೀಟಿ ಊದಿದಾಗಲೆಲ್ಲ ಅವರ ಬಲಗಾಲು ಒಂಚೂರು ಅಲುಗುತ್ತಿತ್ತು. ಚೆಂಡನ್ನು ನೆಲಕ್ಕೆ ತಟ್ಟದೆ ನಡೆದರೆ ಅದು ಟ್ರಾವೆಲಿಂಗ್ ಎಂಬ ತಪ್ಪು ಎಂದು ನಾನು ವಿವರಿಸಿದಾಗ ತಲೆಯಾಡಿಸಿದರು. "ಗೊತ್ತಾತ್ರಿ. ಟಿಕೆಟ್ ತಗೋಳ್ದ ಅಡ್ಡಾಡೂದು."

ವಾಪಸು ಬರುವಾಗ ಮುಂದಿನ ಸೀಟಿನ ಹುಡುಗಿಯರು ಕಥೆ ಕೇಳುತ್ತಿದ್ದರು. ಗದಿಗೆಪ್ಪ ಅರ್ಧ ಹಿಂದಿ, ಅರ್ಧ ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದುದು ಬಹುಪಾಲು ಸಂತೋಷಕುಮಾರ ಎಂಬ ತಮ್ಮ ಹಳೆಯ ಕಂಡಕ್ಟರನ ವಿಷಯ. ಹೈಸ್ಕೂಲಿಗೆ ಹೋಗುವ ಹುಡುಗಿಯರು ಹೊಲದ ದಾರಿಯಲ್ಲಿ ಚೀಲ ಹಿಡಿದು ಓಡಿ ಬರುವುದು ಅವನಿಗೆ ಹಿಂದಿನ ಗಾಜಿನಿಂದ ಕಾಣುತ್ತಿತ್ತಂತೆ. ಒಂದು ಸೀಟಿ ಊದುತ್ತಿದ್ದ, ಇವರು ಕಾರಣ ಕೇಳದೆ ನಿಲ್ಲಿಸುತ್ತಿದ್ದರು. ಅವನು ಉಂಡಿದ್ದಾನೋ ಇಲ್ಲವೋ ಎಂಬುದು ಸಹ ಸೀಟಿಯ ಸದ್ದಿನಲ್ಲೇ ತಿಳಿಯುತ್ತಿತ್ತಂತೆ. ಹೊರಗೆ ಹೆದ್ದಾರಿಯ ಅಂಚಿನಲ್ಲಿ ಉಪ್ಪು ಬೆರೆತ ಬೂದು ಹಿಮ, ಒಳಗೆ ಬೆವರಿದ ಜರ್ಸಿ ಮತ್ತು ಕಿತ್ತಳೆ ಸಿಪ್ಪೆಯ ವಾಸನೆ, ನಡುವೆ ನವಲಗುಂದದ ಕಪ್ಪು ಮಣ್ಣು. ಮಾನ್ಯಾ ಈಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ನಾನು ಈಗಲೂ ಬಿಡುವಿದ್ದ ಶನಿವಾರ ಆ ಜಿಮ್ಮಿಗೆ ಹೋಗುತ್ತೇನೆ; ಹೋದಾಗ ನೆನಪಾಗುವುದು ಪಂದ್ಯಕ್ಕಿಂತ ಹೆಚ್ಚಾಗಿ ಆ ವಾಸನೆ.

ಆ ವರ್ಷದ ಜನವರಿ ಕೊನೆಯಲ್ಲಿ ನಾವು ಐದನೆಯ ಸ್ಥಾನದಲ್ಲಿದ್ದೆವು. ಓಶಾವಾ ಕಡೆಯ ಒಂದು ಕಾಲೇಜಿನ ಮೇಲೆ ಗೆದ್ದಿದ್ದರೆ ನಾಲ್ಕಕ್ಕೆ ಏರುತ್ತಿದ್ದೆವು. ಆ ಶನಿವಾರ ನನಗೆ ಲ್ಯಾಬಿನಲ್ಲಿ ಡ್ಯೂಟಿ ಬಿತ್ತು. ಮುಂದಿನದು ಮಾನ್ಯಾ ಹೇಳಿ ತಿಳಿದದ್ದು.

ಒಂದು ಅಂಕದಿಂದ ಸೋತರು. ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಕೊನೆಯ ಎರಡು ಫ್ರೀ ಥ್ರೋಗಳನ್ನು ಹಾಕಬೇಕಾದವಳು ಜಸ್ಲೀನ್, ಎರಡೂ ತಪ್ಪಿದವು. ಅದಕ್ಕೂ ಮೊದಲೇ ಒಬ್ಬಳ ಕಾಲು ಉಳುಕಿತ್ತು. ಪಂದ್ಯ ಮುಗಿಯುತ್ತಲೇ, ಆ ದಿನ ತನ್ನ ಕಾರಿನಲ್ಲಿ ಬಂದಿದ್ದ ಕೋಚ್ ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ದಳು. ಉಳಿದವರು ಬಸ್ಸು ಹತ್ತಿದರು. ಜಸ್ಲೀನ್ ಕಾಣಲಿಲ್ಲ. ಅವಳೂ ಕೋಚ್ ಜೊತೆ ಕಾರಿನಲ್ಲಿ ಹೋಗಿರಬೇಕು ಎಂದುಕೊಂಡಳು ಮಾನ್ಯಾ. ಯಾರನ್ನೂ ಕೇಳಲಿಲ್ಲ. ತಲೆ ತಗ್ಗಿಸಿಕೊಂಡೇ ಎರಡು ಸಲ ಊದಿದಳು.

ಜಸ್ಲೀನ್ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಳುತ್ತಾ ಕೂತಿದ್ದಳು. ಹೊರಗೆ ಬಂದಾಗ ಬಸ್ಸಿಲ್ಲ. ಜಾಕೆಟ್ಟು, ಫೋನು ಎರಡೂ ಬಸ್ಸಿನಲ್ಲಿದ್ದ ಬ್ಯಾಗಿನೊಳಗೆ. ಚರ್ಮ ಸುಡುವಂಥ ಚಳಿ. ಅಲ್ಲಿಯ ಗಾರ್ಡ್ ತನ್ನ ಕೋಣೆಯಲ್ಲಿ ಕೂರಿಸಿ ಕೋಚ್‌ಗೆ ಫೋನ್ ಮಾಡಿಕೊಟ್ಟ. ಕೋಚ್ ಮಾನ್ಯಾಳಿಗೆ ಮಾಡಿದಳು. ಮಾನ್ಯಾ ಸೀಟಿ ಊದಿದಳು, ಈ ಸಲ ಒಂದೇ. ಗದಿಗೆಪ್ಪ ಕಾರಣ ಕೇಳದೆ ಬಸ್ಸನ್ನು ಬಲಗಡೆಗೆ ತಂದು ನಿಲ್ಲಿಸಿದರು.

ಮರಳಿ ಹೋದಾಗ ಅವರೇ ಇಳಿದು ಒಳಗೆ ಹೋಗಿ, ತಮ್ಮ ಕೋಟು ಹೊದಿಸಿ ಜಸ್ಲೀನ್‌ಳನ್ನು ಕರೆತಂದರಂತೆ. "ತಪ್ಪಾತವಾ," ಎಂದು ಕನ್ನಡದಲ್ಲೇ ಹೇಳಿದರಂತೆ. ಅವಳಿಗೆ ಅರ್ಥವಾಯಿತು.

ಸೋಮವಾರ ಕಾಲೇಜಿನಿಂದ, ಬಸ್ ಕಂಪನಿಯಿಂದ ವಿಚಾರಣೆ. ಇಲ್ಲಿಯ ನಿಯಮ ಸರಳ: ಹೊರಡುವ ಮೊದಲು ಡ್ರೈವರೇ ಬಸ್ಸಿನೊಳಗೆ ನಡೆದು ಎಣಿಸಬೇಕು. ಯಾಕೆ ಎಣಿಸಲಿಲ್ಲ ಎಂಬ ಪ್ರಶ್ನೆಗೆ ಗದಿಗೆಪ್ಪ, "ನನ್ನ ತಪ್ಪು," ಎಂದಷ್ಟೇ ಹೇಳಿದರು. ಸೀಟಿಯ ಮಾತೇ ಎತ್ತಲಿಲ್ಲ. ಶಾಲೆಯ ರೂಟು ಉಳಿಯಿತು. ತಂಡದ ಬಸ್ಸಿಗೆ ಬೇರೆ ಡ್ರೈವರ್ ಎಂದು ತೀರ್ಮಾನವಾಯಿತು.

"ಅಮ್ಮಾ, ಇಟ್ ವಾಸ್ ಮೀ," ಎಂದಳು ಮಾನ್ಯಾ ಆ ದಿನ ಸಂಜೆ, ಬೂಟು ಕೂಡ ಬಿಚ್ಚದೆ. "ಊದಿದ್ದು ನಾನು. ಕಾಕಾ ಡಿಡಂಟ್ ಈವನ್ ಸೇ ಮೈ ನೇಮ್."

ಇಬ್ಬರೂ ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿಗೆ ಹೋದೆವು. ಗದಿಗೆಪ್ಪ ದಂಪತಿಯದು ಬೇಸ್‌ಮೆಂಟ್ ಮನೆ. ಮೇಲೆ ವಿಮಾನ ಹಾದುಹೋದಾಗಲೆಲ್ಲ ಮಾತು ನಿಲ್ಲಿಸಿ, ಸದ್ದಡಗಿದ ಮೇಲೆ ಮುಂದುವರಿಸುವುದು ಅವರಿಗೆ ಅಭ್ಯಾಸ. ರಾಜೇಶ್ವರಿ ಚುರುಮುರಿ ಕಲಸಿಕೊಟ್ಟು ಶುರುಮಾಡಿದರು. "ಇವ್ರು ಇನ್ನೂ ನವಲಗುಂದ ಬಿಟ್ಟ ಬಂದಿಲ್ರೀ ಅಕ್ಕಾರ. ಊಟಕ್ಕ ಒಮ್ಮೆ ಕರದ್ರ ಏಳಂಗಿಲ್ಲ, ಎರಡ ಸಲ ಕರೀಬೇಕು."

"ಒಮ್ಮೆ ಕರದ್ರ ನಿಲ್ಲಂತ ಅರ್ಥ," ಎಂದರು ಗದಿಗೆಪ್ಪ. ಆದರೆ ನಗಲಿಲ್ಲ.

ಮಾನ್ಯಾ ಸೀಟಿಯನ್ನು ಮೇಜಿನ ಮೇಲಿಟ್ಟಳು. "ಸಾರಿ ಕಾಕಾ. ನಾನು ಎಣಿಸ್ಲಿಲ್ಲ."

"ಗೊತ್ತೈತಿ. ಸೀಟಿ ಕೇಳಿದಾಗನ ಗೊತ್ತಾತು, ಇಕಿ ಮನಸ್ಸು ಇಲ್ಲಿಲ್ಲ ಅಂತ. ಗೊತ್ತಿದ್ದೂ ಗೇರ್ ಹಾಕಿದೆ ನೋಡು, ಅದು ನಂದು." ಒಂದು ವಿಮಾನ ಹಾದುಹೋಯಿತು. "ಈ ದೇಶದಾಗ ಕಂಡಕ್ಟರ್ ಇಲ್ಲವಾ. ಸ್ಟೇರಿಂಗ್ ಹಿಡದಾವಂದ ಎಲ್ಲಾ ಜವಾಬ್ದಾರಿ. ಟ್ರೇನಿಂಗಿನ್ಯಾಗ ಹೇಳಿದ್ರು. ನನಗ ಹಿಂದ ಒಬ್ರು ಅದಾರ ಅಂತ ಅನಿಸಬೇಕಾಗಿತ್ತು, ಅಷ್ಟ."

ಸೀಟಿಯನ್ನು ಅವರು ಮುಟ್ಟಲಿಲ್ಲ. "ಅದನ್ನ ನನಗ್ಯಾಕ ಕೊಡ್ತಿ? ನಾ ಡ್ರೈವರು."

ಮಾರನೆಯ ದಿನ ಮಾನ್ಯಾ, ಜಸ್ಲೀನ್ ಇಬ್ಬರೂ ಕಾಲೇಜಿನ ಕಚೇರಿಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದರು. ತನಗೆ ಕಾಕಾ ಮೇಲೆ ದೂರಿಲ್ಲ, ಮಾನ್ಯಾ ಮೇಲೆ ಸ್ವಲ್ಪ ಇದೆ ಎಂದಳಂತೆ ಜಸ್ಲೀನ್. ಕಚೇರಿಯವರು ಕಂಪನಿಯ ಜೊತೆ ಮಾತಾಡಿದರು. ಉತ್ತರ ಬರಲು ಎರಡು ವಾರ ಹಿಡಿಯಿತು. ನಡುವಿನ ಪ್ರಯಾಣಗಳಿಗೆ ಬಂದ ಡ್ರೈವರ್ ಒಳ್ಳೆಯವನೇ, ಇಯರ್‌ಫೋನ್ ಹಾಕಿಕೊಂಡು ಸರಿಯಾಗಿ ಎಣಿಸಿ ಸರಿಯಾದ ಹೊತ್ತಿಗೆ ಮುಟ್ಟಿಸುತ್ತಿದ್ದ. ಆ ಬಸ್ಸಿನಲ್ಲಿ ಯಾರೂ ಮುಂದಿನ ಸಾಲಿನಲ್ಲಿ ಕೂರಲು ಜಗಳವಾಡಲಿಲ್ಲ.

ಕೊನೆಯ ಪ್ರಯಾಣ ಬ್ಯಾರಿ ಎಂಬ ಊರಿಗೆ. ಅಷ್ಟರಲ್ಲಿ ಪ್ಲೇಆಫ್ ಆಸೆ ಮುಗಿದಿತ್ತು; ಗೆದ್ದರೂ ಸೋತರೂ ನಾವು ಐದನೆಯವರೇ. ಆದರೂ ಆ ಬೆಳಿಗ್ಗೆ ಹುಡುಗಿಯರು ಬೇಗ ಬಂದರು. ಬಸ್ಸು ಪಾರ್ಕಿಂಗ್ ಲಾಟಿಗೆ ತಿರುಗಿದಾಗ ಎಲ್ಲರೂ ನೋಡಿದ್ದು ಡ್ರೈವರ್ ಸೀಟನ್ನೇ. ಟೋಪಿ ಕಂಡಿತು. ಜಸ್ಲೀನ್ "ಕಾಕಾ!" ಎಂದು ಕೂಗಿದಳು.

ಎಲ್ಲರೂ ಕೂತ ಮೇಲೆ ಗದಿಗೆಪ್ಪ ಸೀಟಿನಿಂದ ಎದ್ದರು. ಕಂಪನಿಯ ಷರತ್ತು ಅದು. ಹಿಂದಿನ ಸಾಲಿನವರೆಗೆ ನಡೆದು, ಒಂದೊಂದು ಸೀಟಿನ ಬೆನ್ನಿಗೂ ಕೈ ಮುಟ್ಟಿಸುತ್ತಾ, ಬಾಯೊಳಗೇ ಕನ್ನಡದಲ್ಲಿ ಎಣಿಸಿದರು. ಯಾರದೋ ಮನೆಗೆ ಹೇಳದೆ ಒಳಬಂದವರ ಸಂಕೋಚ ಇತ್ತು ಆ ನಡಿಗೆಯಲ್ಲಿ. ಮರಳಿ ಬಂದು ಕೂತು, ಬೆಲ್ಟು ಹಾಕಿಕೊಂಡು ಮುಂದೆ ನೋಡಿದರು.

ಬಸ್ಸು ಕದಲಲಿಲ್ಲ.

ಕೋಚ್ ನನ್ನ ಮುಖ ನೋಡಿದಳು, ಆಮೇಲೆ ಅವರ ಬೆನ್ನು ನೋಡಿದಳು. "ಎನಿ ಪ್ರಾಬ್ಲಮ್, ಕಾಕಾ?"

"ನೋ ಪ್ರಾಬ್ಲಮ್."

ಮಾನ್ಯಾ ತಲೆಯೆತ್ತಿದಳು. "ನೀವು ಎಣಿಸಿದ್ರಲ್ಲ ಕಾಕಾ."

"ಅದು ಕಂಪನಿಗೆ," ಎಂದರು ಅವರು, ತಿರುಗಿ ನೋಡದೆ. "ಬಸ್ಸಿಗೆ ಯಾರು ಎಣಸ್ತಾರ?"

ಸೀಟಿ ಅವಳ ಜಾಕೆಟ್ಟಿನ ಜೇಬಿನಲ್ಲೇ ಇತ್ತು. ಎದ್ದು ಹಿಂದಕ್ಕೆ ಹೋದಳು. ಈ ಸಲ ಪ್ರತಿಯೊಬ್ಬಳ ಮುಖ ನೋಡಿ ಎಣಿಸಿದಳು. ಜಸ್ಲೀನ್ ಮುಂದೆ ಬಂದಾಗ ಒಂದು ಕ್ಷಣ ನಿಂತಳು.

"ಐ ಆಮ್ ಹಿಯರ್, ಕಂಡಕ್ಟರ್," ಎಂದು ಜಸ್ಲೀನ್ ಟಿಕೆಟ್ಟಿಗೆ ಕೈ ಚಾಚಿದಳು. ಮಾನ್ಯಾ ಆ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟಳು.

ಆಮೇಲೆ ಎರಡು ಸೀಟಿ ಊದಿದಳು. ಬ್ರೇಕಿನ ಗಾಳಿ ಬಿಟ್ಟ ಸದ್ದಾಯಿತು.

"ರೈಟ್," ಎಂದರು ಗದಿಗೆಪ್ಪ.