ವಿಭೂತಿ ತಿಂದ ಗಡಿಯಾರ

ವಯಸ್ಸಾದ ಆ ಹೆಣ್ಣುಮಗಳು ಶಹಾಪುರದ ನನ್ನ ಗಡಿಯಾರದ ಅಂಗಡಿಗೆ ಬಂದದ್ದು ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ. ಗಂಟು ಬಿಚ್ಚಿದಳು. ಹಳೆಯ ಗೋಡೆ ಗಡಿಯಾರದ ಹಿತ್ತಾಳೆ ಯಂತ್ರ. ಎಂಥ ಚೆಂದದ ಕೆಲಸ! ತಟ್ಟೆ ತೆಗೆದು ನೋಡಿದೆ, ಸಿಟ್ಟು ನೆತ್ತಿಗೇರಿತು. ಒಳಗೆಲ್ಲ ಕಪ್ಪು ರಾಡಿ. ಕುಸುಬಿ ಎಣ್ಣೆ, ಅದರೊಳಗೆ ಬೂದಿ.

"ಯಾವ ಪುಣ್ಯಾತ್ಮ ಮಾಡ್ಯಾನ ಇದನ್ನ?" ಎಂದೆ.

"ಹಂಗ್ಯಾಕ ಅಂತೀರಿ ಯಣ್ಣಾ. ವಿಭೂತಿ ಅದು. ಮಾನೌಮಿಗಿ ನಮ್ಮ ಮನಿಯವ್ರು ಕುಡಗೋಲು, ಕುಂಟಿ ಜೋಡಿ ಇದಕ್ಕೂ ಪೂಜಿ ಮಾಡ್ತಿದ್ರು. ಎಣ್ಣಿ ಬಿಟ್ಟು ಒಳಗೊಂದು ಚಿಟಿಕಿ ಹಾಕ್ತಿದ್ರು. ಅವರಪ್ಪನೂ ಹಂಗ ಮಾಡ್ತಿದ್ದ."

ಎಣ್ಣೆ ಜಿಗುಟಾಗಿ, ಬೂದಿ ಅರದ ಹಾಗೆ ಉಜ್ಜಿ, ಚಕ್ರದ ಅಚ್ಚು ಕೂರುವ ತೂತುಗಳು ಸವೆದು ಅಗಲವಾಗಿದ್ದವು. ಬಿಸಾಡ್ರಿ ಎನ್ನುವವನಿದ್ದೆ.

"ನಮ್ಮ ಮನಿಯವ್ರಿಗಿ ಈಗ ಕಣ್ಣು ಹೋಗ್ಯಾವ್ರಿ," ಎಂದಳು. "ಇದರ ಗಂಟಿ ಕೇಳೇ ಹೊತ್ತು ತಿಳೀತಿದ್ರು. ಇದು ನಿಂತ ಮ್ಯಾಲ ಎಷ್ಟಾತು, ಎಷ್ಟಾತು ಅಂತ ಕಂಡಕಂಡವರನ್ನ ಕೇಳ್ತಿದ್ರು. ಕಾಲುವಿ ನೀರು ಬಂದಾವ, ಮಂದಿಗಿ ಗದ್ದಿ ಬಿಟ್ರ ಪುರಸೊತ್ತಿಲ್ಲ. ಸೊಸಿ ಒಮ್ಮಿ ಬೈದಾಳ. ಈಗ ಕೇಳೂದೇ ಬಿಟ್ಟಾರ್ರಿ. ಹಗಲೋ ರಾತ್ರಿಯೋ ಅಂತಲೂ ಕೇಳಂಗಿಲ್ಲ."

ತೆಗೆದ ತಟ್ಟೆಯನ್ನು ಮೇಜಿನ ಮೇಲಿಟ್ಟೆ. "ಇಟ್ಟು ಹೋಗು ಯವ್ವಾ," ಎಂದೆ.

ಬಿಡಿಬಿಡಿ ಮಾಡಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಕಡ್ಡಿ ಚೂಪು ಮಾಡಿಕೊಂಡು ಒಂದೊಂದೇ ತೂತಿನ ರಾಡಿ ಕೆರೆದೆ. ಸವೆದ ಕಡೆ ಹಿತ್ತಾಳೆಯ ಸಣ್ಣ ಬಳೆ ಕೂರಿಸಿದೆ, ಅಚ್ಚುಗಳನ್ನು ಉಜ್ಜಿ ನುಣುಪು ಮಾಡಿದೆ. ಒಂದು ಬಳೆ ಕೂದಲೆಳೆಯಷ್ಟು ಓರೆಯಾಗಿ ಮತ್ತೆ ಎಲ್ಲ ಬಿಚ್ಚಬೇಕಾಯಿತು. ಆ ದಿನ ನಾನಾಡಿದ ಮಾತುಗಳು ಬರೆಯುವಂಥವಲ್ಲ.

ಗೋಡೆಗೆ ಕೂರಿಸಲು ನಾನೇ ವನದುರ್ಗದ ಕಡೆಯ ಅವರ ಊರಿಗೆ ಹೋದೆ. ಅಜ್ಜ ಕಂಬಕ್ಕೊರಗಿ ಕೂತಿದ್ದ. ಬಂದವರು ಯಾರೆಂದೂ ಕೇಳಲಿಲ್ಲ. ಯಂತ್ರವನ್ನು ಪೆಟ್ಟಿಗೆಯೊಳಗಿಟ್ಟು, ಕೀಲಿ ಕೊಟ್ಟು, ಹೊತ್ತಿಗೆ ಸರಿಯಾಗಿ ಮುಳ್ಳು ತಿರುಗಿಸಿ, ಲೋಲಕ ತೂಗಿಬಿಟ್ಟೆ. "ವಿಭೂತಿ ಪೆಟ್ಟಿಗಿಗಿ ಹಚ್ರಿ ಯವ್ವಾ, ಒಳಗ ಬ್ಯಾಡ," ಎಂದು ಹೇಳುವಷ್ಟರಲ್ಲಿ ಗಂಟೆ ಬಡಿಯಿತು.

ಅಜ್ಜ ತುಟಿಯೊಳಗೇ ಒಂದೊಂದೇ ಬಡಿತ ಎಣಿಸಿದ. ಕೇಳಿ ಬೈಸಿಕೊಂಡವನಿಗೆ ಹೇಳುವುದಕ್ಕೂ ಅಂಜಿಕೆ.

ಆಕೆ ಗಡಿಯಾರದ ಎದುರೇ ನಿಂತಿದ್ದಳು. ಮುಳ್ಳು ನೋಡಿ ಹೊತ್ತು ಹೇಳಲು ಆಕೆಗೆ ಚೆನ್ನಾಗಿ ಬರುತ್ತಿತ್ತು. ಆದರೂ ಗಂಡನ ಕಡೆ ತಿರುಗಿ ಕೇಳಿದಳು:

"ಎಷ್ಟಾತ್ರೀ?"

"ನಾಕು," ಎಂದ. ಆಮೇಲೆ ಗದ್ದೆಯವರಿಗೂ ಕೇಳುವಂತೆ ಗಟ್ಟಿಯಾಗಿ ಕೂಗಿದ: "ನಾಕಾತು!"